ಹಳದಿ ದಾರದ ಬೀಬಿ ಜಾನ್

ಚಿತ್ರದುರ್ಗದ ಸಂತೆ ಹೊಂಡದ ಹಿಂದಿನ ಗಲ್ಲಿಯ ಬೀಬಿ ಜಾನ್ ಹದಿನಾಲ್ಕು ವರ್ಷ ಮದುವೆಮನೆಗಳ ವಿಡಿಯೋ ತೆಗೆದಳು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರುಗಳ ನಡುವೆ ಅವಳು ಹತ್ತದ ಬಸ್ಸಿಲ್ಲ, ಹೊಕ್ಕು ನೋಡದ ಒಳಕೋಣೆಯಿಲ್ಲ. ಇಷ್ಟಾಗಿಯೂ ಅವಳ ಮುಖ ಒಂದು ಕ್ಯಾಸೆಟ್ಟಿನಲ್ಲೂ ಇಲ್ಲ. ತೆಗೆಯುವವಳು ತೆಗೆಸಿಕೊಳ್ಳಬಾರದು ಎಂದು ಯಾರೂ ಹೇಳಿರಲಿಲ್ಲ. ಇದ್ದದ್ದು ಒಂದೇ ಕ್ಯಾಮೆರಾ, ಅದು ಸದಾ ಅವಳ ಹೆಗಲ ಮೇಲಿತ್ತು, ಅಷ್ಟೆ. ಜಗತ್ತಿನಲ್ಲಿ ತನ್ನದೂ ಒಂದು ಚಲಿಸುವ ಚಿತ್ರ ಉಳಿದಿದೆ ಎಂದು ಅವಳಿಗೆ ಗೊತ್ತಾದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಜನ ಅದನ್ನು ದೆವ್ವ ಎಂದು ಕರೆಯುತ್ತಿದ್ದರು.

ಕೆಲಸ ಶುರುವಾದದ್ದು 1993ರಲ್ಲಿ. ಗಂಡ ಇಮಾಮ್ ಸಾಬ್ ಮದುವೆ ಫೋಟೊ ತೆಗೆಯುತ್ತಿದ್ದವನು, ದಾವಣಗೆರೆಯಲ್ಲಿ ಯಾರೋ ಬಳಸಿ ಬಿಟ್ಟ ವಿಡಿಯೋ ಕ್ಯಾಮೆರಾ ಒಂದನ್ನು ಹೊತ್ತು ತಂದ. ತಂದ ಮೇಲೆ ಅವನಿಗೆ ತಿಳಿಯಿತು, ಮದುವೆಯಲ್ಲಿ ನೋಡುವಂಥದ್ದೆಲ್ಲ ನಡೆಯುವುದು ಹೆಂಗಸರ ಕೋಣೆಯಲ್ಲಿ, ಮತ್ತು ಆ ಕೋಣೆಯ ಹೊಸ್ತಿಲ ಬಳಿ ಸುಳಿದರೆ ಮುದುಕಿಯರು ಬೀಸಣಿಗೆಯಲ್ಲೇ ಬಾರಿಸಿ ಅಟ್ಟುತ್ತಾರೆ ಎಂದು. ಅವನ ಮೊದಲ ಮೂರು ಕ್ಯಾಸೆಟ್ಟುಗಳಲ್ಲಿ ಗಂಡಸರು ಊಟ ಮಾಡುತ್ತಾರೆ, ಗಂಡಸರು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಗಂಡಸರು ಕುರ್ಚಿಗಳನ್ನು ಅಲ್ಲಿಂದ ಇಲ್ಲಿಗೆ ಎತ್ತಿಡುತ್ತಾರೆ. ಮೂರೂ ಗಂಟೆ ಇದೇ. ಕೊನೆಗೊಂದು ದಿನ ಅವನು ಕ್ಯಾಮೆರಾವನ್ನು ಹೆಂಡತಿಯ ಹೆಗಲ ಮೇಲಿಟ್ಟು, ಬಲಗಣ್ಣು ಇಲ್ಲಿ ಒತ್ತು, ಎಡಗಣ್ಣು ಮುಚ್ಚು, ಉಸಿರು ಮೆಲ್ಲಗೆ ಬಿಡು ಎಂದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಬೀಬಿ ಜಾನ್ ಒಂದು ತಿಂಗಳು ಅಂಗಳದ ಕೋಳಿಗಳನ್ನೇ ತೆಗೆದು ತೆಗೆದು ಕೈ ಪಳಗಿಸಿಕೊಂಡಳು. ಎಡಗಣ್ಣು ಮುಚ್ಚುವ ಅಭ್ಯಾಸ ಎಷ್ಟು ಬಲಿಯಿತೆಂದರೆ, ಯಾರಾದರೂ ಎದುರು ನಿಂತು ಮಾತಾಡಿಸಿದರೂ ಅದು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಗುರುತಿಲ್ಲದವರು ಇವಳು ಕಣ್ಣು ಹೊಡೆಯುತ್ತಿದ್ದಾಳೆಂದು ಗಾಬರಿಯಾಗುತ್ತಿದ್ದರು.

ದುರ್ಗದ ಹೊರಗೆ ಅವಳ ಮೊದಲ ಕೆಲಸ ಹೊಳಲ್ಕೆರೆಯ ಅನುಸೂಯಳ ಸೀಮಂತ. ಅನುಸೂಯ ಮನೆಯಲ್ಲೇ ರವಿಕೆ ಹೊಲಿಯುವವಳು. ಗಂಡ ಮಾರುತೇಶ್ ಸರ್ಕಾರಿ ಬಸ್ಸಿನ ಡ್ರೈವರ್. ಹಸಿರು ಬಳೆ ತೊಡಿಸಿದ್ದಾಯಿತು, ಹಾರ ಹಾಕಿದ್ದಾಯಿತು, ಹಾಡು, ಆರತಿ ಎಲ್ಲ ಮುಗಿಯಿತು. ಮುಗಿದ ಮೇಲೆ ಬೀಬಿ ಜಾನ್ ನೋಡುತ್ತಾಳೆ, ಕ್ಯಾಮೆರಾದ ಮುಂದಿನ ಕೆಂಪು ದೀಪ ಹತ್ತಿಯೇ ಇಲ್ಲ. ಗುಂಡಿ ಒತ್ತುವುದನ್ನೇ ಮರೆತಿದ್ದಳು. ಅವಳು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತು ಅತ್ತಳು. ಒಂದು ಬಸುರಿಗೆ ಎರಡು ಸೀಮಂತ ಎಲ್ಲಾದರೂ ಉಂಟೇ ಎಂದು ಅನುಸೂಯಳ ಅತ್ತೆ ಗೊಣಗಿದರು. ಅನುಸೂಯ ಮಾತ್ರ ಏಳು ತಿಂಗಳ ಹೊಟ್ಟೆ ಹೊತ್ತು ಮಣೆಯ ಕಡೆ ನಡೆದಳು.

"ಅಳಬ್ಯಾಡ ಬೀಬಕ್ಕ. ನನಗೇನು ಕಷ್ಟ, ಇನ್ನೊಂದ್ಸಲ ಕುಂತ್ಕಂತೀನಿ" ಎಂದಳು.

ಕೂತಳು ಕೂಡ. ಹೆಂಗಸರು ಮತ್ತೆ ಹಾಡಿದರು, ಮತ್ತೆ ಆರತಿ ಎತ್ತಿದರು. ಮೊದಲ ಸಲದ ನಾಚಿಕೆ ಕಳೆದಿದ್ದರಿಂದ ಎರಡನೆಯದೇ ಚೆನ್ನಾಗಿ ಬಂತು. ಅವತ್ತು ಅನುಸೂಯ ಮುಖ ಸಿಂಡರಿಸಿದ್ದರೆ ಬೀಬಿ ಜಾನ್ ಆ ಕ್ಯಾಮೆರಾವನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಇದನ್ನು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಹಳದಿ ದಾರ ಅವಳದೇ ಉಪಾಯ. ಒಳಕೋಣೆಯಲ್ಲಿ ಹೆಂಗಸರಿಗೆ ಹಾಡಬೇಕು, ಕುಣಿಯಬೇಕು, ಬೀಗರ ಮಾನ ಹರಾಜು ಹಾಕಬೇಕು. ಆದರೆ ಆಮೇಲೆ ಟಿವಿಯಲ್ಲಿ ಮನೆಮಂದಿಯ ಮುಂದೆ ತಮ್ಮ ಮುಖ ಬರಬಾರದು. ಹಾಗಾಗಿ ಅವಳು ಅರಿಸಿನದಲ್ಲಿ ಅದ್ದಿ ಒಣಗಿಸಿದ ದಾರದ ಉಂಡೆಯೊಂದನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಮುಖ ಬೇಡ ಎನ್ನುವವರು ಒಂದು ತುಂಡು ಎಡಗೈಗೆ ಕಟ್ಟಿಕೊಂಡರೆ ಸಾಕು. ಯಾಕೆ ಎಂದು ಅವಳು ಕೇಳುವುದಿಲ್ಲ. ಕ್ಯಾಸೆಟ್ಟನ್ನು ಕತ್ತರಿಸಿ ಜೋಡಿಸುವಾಗ ದಾರವಿರುವ ಕೈ ಕಂಡರೆ ಆ ಮುಖವನ್ನು ಮುಚ್ಚಿಸುವುದು ಅವಳ ಹೊಣೆ. ಉಳಿದವರಿಗೆ ಸಂಕೋಚ ಆಗದಿರಲೆಂದು ಮೊದಲ ತುಂಡನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು, ಅದು ಸವೆದು ಬೀಳುವವರೆಗೆ ಬಿಚ್ಚುತ್ತಿರಲಿಲ್ಲ. ಕ್ಯಾಸೆಟ್ಟಿನ ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲ. ಒಳಕೋಣೆಯದ್ದು ಒಳಕೋಣೆಯಲ್ಲೇ ಇರುತ್ತದೆ ಎಂಬುದು ಅವಳು ಕೊಟ್ಟ ಮಾತು. ಹಿಂದೂಗಳ ಮನೆ, ಸಾಬರ ಮನೆ ಎನ್ನದೆ ಎಲ್ಲ ಬಾಗಿಲುಗಳೂ ಆ ಮಾತಿಗೇ ತೆರೆದವು.

1998ರಲ್ಲಿ ಹೊಸದುರ್ಗದಲ್ಲಿ ಫರೀಹಾ ಎಂಬ ಹುಡುಗಿಯ ಮದುವೆ. ಮದುವೆಗೆ ಮುಂಚೆ ಚಿಕ್ಸಾ ಎಂದು ಮಾಡುತ್ತಾರೆ, ಹುಡುಗಿಗೆ ಅರಿಸಿನದ ಹಿಟ್ಟು ಹಚ್ಚುವ ದಿನ. ಫರೀಹಾ ಕೆಂಪು ಓಢಣಿಯನ್ನು ಎದೆಯವರೆಗೆ ಎಳೆದುಕೊಂಡು ನಡುವೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಎರಡೂ ಕಡೆ ಚಾಪೆಯ ಮೇಲೆ ನಾಲ್ವರು ಹೆಂಗಸರು ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು: ಫರೀಹಾಳ ಅಮ್ಮಿ, ಅಮ್ಮಿಯ ತಂಗಿಯಾದ ಖಾಲಾ, ಪಕ್ಕದ ಮನೆಯ ರಂಗಕ್ಕ, ಎದುರುಮನೆಯ ಹೊನ್ನಕ್ಕ. ಗಂಡಿನ ಅಪ್ಪನ ಹೊಟ್ಟೆಯ ಮೇಲೆ ಕಟ್ಟಿದ ಆ ಹಾಡನ್ನು ಇಲ್ಲಿ ಬರೆಯುವಂತಿಲ್ಲ. ರಂಗಕ್ಕ, ಹೊನ್ನಕ್ಕರಿಗೆ ಆ ಉರ್ದು ಅರ್ಧವೂ ತಿಳಿಯದು, ಆದರೆ ಚಪ್ಪಾಳೆ ಅವರದ್ದೇ ಜೋರು. ನಾಲ್ವರೂ ದಾರ ಕಟ್ಟಿಕೊಂಡಿದ್ದರು. ಅಮ್ಮಿ, ಖಾಲಾ ಮನೆಯ ಗಂಡಸರಿಗೆ ಹೆದರಿ. ರಂಗಕ್ಕ ಮಗನಿಗೆ ಹೆಣ್ಣು ನೋಡುತ್ತಿದ್ದರಿಂದ ಸ್ವಲ್ಪ ಗಂಭೀರವಾಗಿರಬೇಕಿತ್ತು. ಹೊನ್ನಕ್ಕ ಅತ್ತೆಗೆ ಜ್ವರದ ಮಾತ್ರೆ ತರುತ್ತೇನೆಂದು ಹೇಳಿ ಬಂದವಳು.

ಮುಖ ಮುಚ್ಚಿಸಲು ಬೀಬಿ ಜಾನ್ ದಾವಣಗೆರೆಯ ಮಿಕ್ಸಿಂಗ್ ಕೋಣೆಗೆ ಹೋದಳು. ಅಲ್ಲಿಯ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಮುಖದ ಮೇಲೆ ಬಿಳಿಯ ದುಂಡನೆಯ ಬೊಟ್ಟು ಇಡಲು ಬರುತ್ತಿತ್ತು. ಮುಖ ಅಲುಗಿದಂತೆಲ್ಲ ಬೊಟ್ಟನ್ನೂ ಒಂದು ಪುಟ್ಟ ಹಿಡಿಯಿಂದ ಕೈಯಾರೆ ಸರಿಸುತ್ತಿರಬೇಕು. ನಾಲ್ಕು ಮುಖಕ್ಕೆ ನಾಲ್ಕು ಸಲ, ಅಂದರೆ ಪ್ರತಿ ಸಲ ಹೊಸ ನಕಲು, ನಕಲಿನ ಮೇಲೆ ನಕಲು. ಪ್ರತಿ ಸಲವೂ ಬಣ್ಣ ಕಲಸಿಕೊಂಡಿತು, ದನಿ ಬಾವಿಯೊಳಗಿಂದ ಬಂದಂತಾಯಿತು. ಈ ಭಾಗವನ್ನೇ ಕತ್ತರಿಸಿ ಎಸೆಯೋಣ ಎಂದ ಯಂತ್ರದವನು. ಹಾಡು ಹೋಗಬಾರದು, ಹುಡುಗಿಗೆ ಮುಂದೆ ಬೇಕಾಗುತ್ತದೆ ಎಂದು ಇವಳು ಹಟ ಹಿಡಿದು ಎರಡು ದಿನ ಅಲ್ಲೇ ಕೂತು ಬೊಟ್ಟುಗಳನ್ನು ತಾನೇ ಸರಿಸಿದಳು. ಒಂದನ್ನು ಮಾತ್ರ ಗಮನಿಸಲಿಲ್ಲ. ಫರೀಹಾಳ ಹಿಂದೆ ಕನ್ನಡಿಯ ಬೀರು ಇತ್ತು. ಆ ಕನ್ನಡಿಯಲ್ಲಿ ಕ್ಯಾಮೆರಾ ಹೊತ್ತ ಅವಳೇ ನಿಂತಿದ್ದಳು. ತನ್ನ ಕೈಗೂ ದಾರ ಕಟ್ಟಿದೆ, ತನ್ನನ್ನೂ ಮುಚ್ಚಬೇಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಕ್ಯಾಸೆಟ್ಟು ಒಂಬತ್ತು ವರ್ಷ ಅಮ್ಮಿಯ ಟ್ರಂಕಿನಲ್ಲಿ ಸುಮ್ಮನೆ ಮಲಗಿತ್ತು. 2007ರ ಬೇಸಿಗೆಯಲ್ಲಿ ಫರೀಹಾಳ ತಮ್ಮ ಫರಾಜ್ ಅದಕ್ಕೆ ಬೂಷ್ಟು ಹಿಡಿದದ್ದನ್ನು ಕಂಡು, ಅಕ್ಕನ ಮದುವೆ ಹಾಳಾಗಬಾರದೆಂದು ಒಳ್ಳೆಯ ಮನಸ್ಸಿನಿಂದಲೇ ಅಂಗಡಿಯೊಂದಕ್ಕೆ ಒಯ್ದು ಸಿಡಿ ಮಾಡಿಸಿದ. ಬೂಷ್ಟು ಹಿಡಿದ ಟೇಪು ಎಳೆದೆಳೆದು ಓಡಿತು, ಹಾಡು ನರಳಾಟವಾಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದದ್ದನ್ನು ಯಾರೋ ನೋಡಿ, ನಲವತ್ತು ಸೆಕೆಂಡಿನಷ್ಟು ಕತ್ತರಿಸಿ ಮೊಬೈಲಿಗೆ ಹಾಕಿಕೊಂಡರು. ಆಗ ಹೊಸದಾಗಿ ಬಣ್ಣದ ಮೊಬೈಲು ಬಂದ ಕಾಲ. ಇಬ್ಬರು ಹತ್ತಿರ ನಿಂತರೆ ಸಾಕು, ಬ್ಲೂಟೂತಿನಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಹೋಗುತ್ತಿತ್ತು. ಜೂನ್ ಮುಗಿಯುವಷ್ಟರಲ್ಲಿ ಆ ನಲವತ್ತು ಸೆಕೆಂಡು ನಾಲ್ಕು ತಾಲ್ಲೂಕು ಸುತ್ತಿ ಇಂಟರ್‌ನೆಟ್ಟಿಗೂ ಏರಿತು.

ಅಲ್ಲಿ ಅದಕ್ಕೆ ಬಾಲ ಬೆಳೆಯಿತು. ಫೈಲಿಗೆ ಹೆಸರಿಲ್ಲ, ಬರೀ ನಂಬರು. ತೆಗೆದದ್ದು ಯಾರೆಂದು ಗೊತ್ತಿಲ್ಲ. ಯಾವುದೋ ದೇಶದಲ್ಲಿ ಸತ್ತವನ ಕಂಪ್ಯೂಟರಿನಲ್ಲಿ ಸಿಕ್ಕಿತು ಎಂದು ಒಬ್ಬ ಬರೆದ; ನಡುವೆ ಕೂತವಳು ಬಲಿ ಕೊಡಲು ತಂದ ಹೆಣ್ಣು ಎಂದು ಮತ್ತೊಬ್ಬ. ಎಲ್ಲರ ಕೈಯಲ್ಲಿರುವುದು ಮಾಟದ ದಾರ. ಮುಖವಿಲ್ಲದ ನಾಲ್ವರು ಕರೆಯುವವರು. ಹಿಂದೆ ಕನ್ನಡಿಯೊಳಗೆ ನಿಂತಿರುವ, ಮುಖದ ಜಾಗದಲ್ಲಿ ದೊಡ್ಡದೊಂದು ಕಪ್ಪು ಕಣ್ಣು, ಅದರ ಪಕ್ಕ ಕೆಂಪು ಚುಕ್ಕೆ ಇರುವವಳು ಒಕ್ಕಣ್ಣಿ, ಅವಳೇ ಕರೆದೊಯ್ಯುವವಳು. ಕೊನೆಯವರೆಗೆ ನೋಡಿದವರು ಒಂಬತ್ತನೇ ದಿನ ಸಾಯುತ್ತಾರೆ, ಅಳಿಸಿದರೆ ಅವತ್ತೇ. ಇದನ್ನೆಲ್ಲ ಬರೆದವರು ಮಾತ್ರ ಹತ್ತನೇ ದಿನವೂ ಕೂತು ಬರೆಯುತ್ತಲೇ ಇದ್ದರು, ಅದನ್ನು ಯಾರೂ ಎಣಿಸಲಿಲ್ಲ.

ಇಮಾಮ್ ಸಾಬ್ ತೀರಿಹೋಗಿ ಆಗ ಮೂರು ವರ್ಷ. ಬೀಬಿ ಜಾನ್ ಅಂಗೈಯಗಲದ ಹೊಸ ಕ್ಯಾಮೆರಾದಲ್ಲಿ ಕೆಲಸ ಮುಂದುವರಿಸಿದ್ದಳು. ಮುಖವಿಲ್ಲದವರ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಆದರೆ ಅವಳ ಮೊಬೈಲಿನಲ್ಲಿ ಚಿತ್ರವೇ ಬರುತ್ತಿರಲಿಲ್ಲ. ಓದಿದ ಮಕ್ಕಳ ಹುಚ್ಚಾಟ ಎಂದು ಬಿಟ್ಟುಬಿಟ್ಟಿದ್ದಳು. ಜುಲೈ ತಿಂಗಳ ಒಂದು ಬೆಳಗ್ಗೆ ಅನುಸೂಯ ಗಂಡನ ಮೊಬೈಲು ಹಿಡಿದುಕೊಂಡು ಅವಳ ಮನೆಗೆ ಬಂದಳು. ತಲೆ ಬಾಚಿರಲಿಲ್ಲ.

ಮಗಳು ಸುಷ್ಮಿತಾ, ಅಂದು ಸೀಮಂತದಲ್ಲಿ ಹೊಟ್ಟೆಯಲ್ಲಿದ್ದವಳು, ಈಗ ಹದಿಮೂರರ ಹುಡುಗಿ. ಅಪ್ಪನ ಮೊಬೈಲಿಗೆ ಯಾರೋ ಕಳಿಸಿದ್ದನ್ನು ನೋಡಿದ್ದಾಳೆ, ಆಮೇಲೆ ಇಂಟರ್‌ನೆಟ್ ಅಂಗಡಿಗೆ ಹೋಗಿ ಅದರ ಬಗ್ಗೆ ಇದ್ದದ್ದನ್ನೆಲ್ಲ ಓದಿದ್ದಾಳೆ. ಅವತ್ತಿನಿಂದ ಅನ್ನ ಮುಟ್ಟಿಲ್ಲ. ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದಾಳೆ. ಡಾಕ್ಟರು ಗ್ಲೂಕೋಸ್ ಏರಿಸಿ ಕಳಿಸಿದರು. ಅಜ್ಜಿ ಮಂತ್ರಿಸಿದ ಹಳದಿ ದಾರ ತಂದು ಕಟ್ಟಹೋದರೆ ಹುಡುಗಿ ಕಿರುಚಿ ಪ್ರಜ್ಞೆ ತಪ್ಪಿದಳು.

"ಇವತ್ತಿಗೆ ಆರನೇ ದಿನ ಬೀಬಕ್ಕ. ಒಂಬತ್ತಕ್ಕೆ ಸಾಯ್ತೀನಿ ಅಂತ ಬಟ್ಟೆ ಎಲ್ಲ ಮಡಚಿಟ್ಟೈತೆ. ನೀನು ವಿಡಿಯೋ ಬಲ್ಲೋಳು, ಇದು ಸುಳ್ಳು ಅಂತ ಅದಕ್ಕೆ ತಿಳಿಸಿ ಹೇಳು" ಎಂದಳು ಅನುಸೂಯ.

ಬೀಬಿ ಜಾನ್ ಮೊಬೈಲು ತೆಗೆದುಕೊಂಡು ನೋಡಿದಳು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ದಾರ. ಆಮೇಲೆ ನಡುಗುವ ನಾಲ್ಕು ಬಿಳಿ ಬೊಟ್ಟು. ಆ ನಡುಕ ಒಂಬತ್ತು ವರ್ಷದ ಹಿಂದಿನ ಅವಳ ಕೈಯದೇ. ಆಮೇಲೆ ಕನ್ನಡಿ. ಕನ್ನಡಿಯಲ್ಲಿ ಒಕ್ಕಣ್ಣಿ. ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ನಾಲ್ವರ ಮಾನ ಕಾಯಲು ಪಟ್ಟ ಪಾಡೇ ಒಂದು ಮಗುವಿನ ಕುತ್ತಿಗೆಗೆ ಬಂದಿತ್ತು.

ಇದು ನಾನೇ ಎಂದು ಆಗಲೇ ಹೇಳಿಬಿಡಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹೇಳಿದರೆ ಯಾರ ಮನೆಯ ಚಿಕ್ಸಾ ಎಂಬುದೂ ಹೊರಬೀಳುತ್ತದೆ. ಇಡೀ ಜಿಲ್ಲೆಯ ಮೊಬೈಲುಗಳಲ್ಲಿ ಓಡಾಡುತ್ತಿರುವುದು ತಮ್ಮ ಹೆಂಗಸರು ಎಂದು ಆ ಮನೆಯ ಗಂಡಸರಿಗೆ ತಿಳಿಯುತ್ತದೆ. ದಾರ ಕಟ್ಟಿದವರಿಗೆ ಕೊಟ್ಟ ಮಾತನ್ನು ಮುರಿಯಲು ಇವಳಿಗೆ ಹಕ್ಕಿಲ್ಲ. ಮುರಿಯದಿದ್ದರೆ ಮೂರು ದಿನದಲ್ಲಿ ಹುಡುಗಿ ಹೆದರಿಕೆಗೇ ಹೋಗುತ್ತಾಳೆ. ಅವಳು ಅನುಸೂಯಳ ಕೈ ಹಿಡಿದುಕೊಂಡು ನಾಡಿದ್ದು ಬರುತ್ತೇನೆ, ಅಲ್ಲಿಯವರೆಗೆ ಹೇಗಾದರೂ ನೀರು ಕುಡಿಸು ಎಂದಷ್ಟೇ ಹೇಳಿ ಕಳಿಸಿದಳು.

ಮರುದಿನ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಹೋದಳು. ಅಮ್ಮಿ ಮತ್ತು ಖಾಲಾ ಇಬ್ಬರನ್ನೂ ಕೂರಿಸಿ, ಬಾಗಿಲು ಮುಂದೆ ಮಾಡಿ, ನಡೆದದ್ದನ್ನೆಲ್ಲ ಹೇಳಿದಳು. ಅಮ್ಮಿಯ ಮುಖ ಬಿಳಿಚಿಕೊಂಡಿತು. ಖಾಲಾ ಸಿಟ್ಟಿಗೆದ್ದು, ಹಾಗಾದರೆ ಅವತ್ತು ದಾರ ಕಟ್ಟಿದ್ದು ಯಾಕೆ ಎಂದು ಕೇಳಿದಳು.

"ನೀವು ಬ್ಯಾಡ ಅಂದ್ರೆ ನಾನು ಬಾಯಿ ಬಿಡಲ್ಲ. ದಾರ ನಿಮ್ಮದು" ಎಂದಳು ಬೀಬಿ ಜಾನ್.

ಅಮ್ಮಿ ಹುಡುಗಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ಹದಿಮೂರು ಎಂದಾಗ, ನಾಳೆ ಹೊಳಲ್ಕೆರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದಳು. ಖಾಲಾ ಎದ್ದು ಒಳಗೆ ಹೋದವಳು ಹೊರಗೆ ಬರಲಿಲ್ಲ. ಪಕ್ಕದ ಮನೆಯ ರಂಗಕ್ಕ ಈಗ ಮೂರು ಮೊಮ್ಮಕ್ಕಳ ಅಜ್ಜಿ. ತಾನು ದೆವ್ವವಾಗಿದ್ದೇನೆಂದು ಕೇಳಿ ಅವಳಿಗೆ ಖುಷಿಯೇ ಆಯಿತು. ಅಲ್ಲಿಂದ ಬೀಬಿ ಜಾನ್ ಹಿರಿಯೂರಿನ ಹತ್ತಿರದ ಬಬ್ಬೂರಿಗೆ ಬಂದಳು. ಸಂಸಾರ ಸಮೇತ ಅಲ್ಲಿಗೆ ಬಂದು ನೆಲೆಸಿದ್ದ ಹೊನ್ನಕ್ಕ ಕೃಷಿ ಸಂಶೋಧನಾ ಕೇಂದ್ರದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ವಿಷಯ ಕೇಳಿ, ಕೈಯ ಮಣ್ಣು ಕೊಡವಿ, ಒಂದೇ ಒಂದು ಕ್ಷಣ ಯೋಚನೆ ಮಾಡಿದಳು.

"ನಮ್ಮತ್ತೆ ಇನ್ನೂ ಅವ್ಳೆ. ಆದ್ರೆ ಈಗ ಕಿವಿ ಕೇಳಲ್ಲ. ಬತ್ತೀನಿ ನಡಿ" ಎಂದಳು.

ಎಂಟನೇ ದಿನ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಮೂವರನ್ನೂ ಕೂಡಿಕೊಂಡಾಗ ಬೆಳಗಿನ ಹತ್ತು ಗಂಟೆ. ಅವರ ಹಿಂದಿನ ಕಲ್ಲುಬೆಂಚಿನ ಮೇಲೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಸೇಮಿಗೆ ಪಾಯಸದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಖಾಲಾ. ಮುಂಚಿನ ಬಸ್ಸಿಗೇ ಒಬ್ಬಳೇ ಬಂದಿದ್ದಳು. ತಡ ಮಾಡಿದಿರಿ ಎಂದಷ್ಟೇ ಹೇಳಿ ಎದ್ದಳು. ಬೀಬಿ ಜಾನ್‌ಗೆ ಅವಳ ಕಾಲು ಹಿಡಿಯಬೇಕೆನಿಸಿತು, ನಾಲ್ವರದ್ದೂ ಹಿಡಿಯಬೇಕೆನಿಸಿತು. ತನ್ನ ಮಾತು ಮುರಿದು ಹೋಗಿದ್ದಾಗಲೂ ಅವರು ತನ್ನ ಮೇಲಿನ ನಂಬಿಕೆ ಮುರಿಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ನಡೆದಳು. ಬಗಲಲ್ಲಿ ಇಮಾಮ್ ಸಾಬನ ಹಳೆಯ ಕ್ಯಾಮೆರಾ ಪೆಟ್ಟಿಗೆ ಇತ್ತು.

ಅನುಸೂಯಳ ಮನೆಯ ನಡುಮನೆಯಲ್ಲಿ ಸುಷ್ಮಿತಾ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎದುರಿಗೆ ಬೀರುವಿನ ಕನ್ನಡಿಯ ಮೇಲೆ ಹಾಸಿಗೆಯ ಚಾದರ ಇಳಿಬಿದ್ದಿತ್ತು. ನಾಲ್ವರೂ ಮಾತಿಲ್ಲದೆ ಬಂದು, ಚಾಪೆಯ ಮೇಲೆ ಅಂದು ಕೂತ ಕ್ರಮದಲ್ಲೇ, ಬೀರುವಿಗೆ ಬೆನ್ನು ಮಾಡಿ ಕೂತರು. ನಡುವೆ ಫರೀಹಾಳ ಜಾಗ ಖಾಲಿ ಬಿಟ್ಟರು. ಎಡಗೈ ಎತ್ತಿ ತೋರಿಸಿದರು. ನಾಲ್ಕು ಕೈಯಲ್ಲೂ ಹೊಸದಾಗಿ ಕಟ್ಟಿದ ಹಳದಿ ದಾರ.

ಹುಡುಗಿ ಕಿರುಚಲಿಲ್ಲ. ಕಿರುಚಲು ಶಕ್ತಿ ಇರಲಿಲ್ಲವೋ ಏನೋ. ಅಮ್ಮನ ಸೆರಗು ಹಿಡಿದುಕೊಂಡಳು.

"ದಾರ ನೋಡಬ್ಯಾಡ ಮಗಳೆ, ಮುಖ ನೋಡು. ಇವು ನಮ್ಮ ಮುಖ" ಎಂದಳು ಅಮ್ಮಿ.

ಒಬ್ಬೊಬ್ಬರೂ ತಾವು ಯಾರು, ಯಾಕೆ ದಾರ ಕಟ್ಟಿಸಿಕೊಂಡೆವು ಎಂದು ಹೇಳಿದರು. ಮುಖದ ಮೇಲೆ ಬಿಳಿ ಬೊಟ್ಟು ಬಂದದ್ದು ಹೇಗೆ ಎಂದು ಬೀಬಿ ಜಾನ್ ಒಂದು ಬಟ್ಟಲನ್ನು ರಂಗಕ್ಕನ ಮುಖದ ಮುಂದೆ ಆಡಿಸಿ ತೋರಿಸಿದಳು. ಹೊನ್ನಕ್ಕನ ಜ್ವರದ ಮಾತ್ರೆಯ ಕತೆ ಬಂದಾಗ ಹುಡುಗಿಯ ಕಣ್ಣಿನಲ್ಲಿ ಏನೋ ಸಡಿಲವಾಯಿತು. ಆಮೇಲೆ ನಾಲ್ವರೂ ಚಪ್ಪಾಳೆ ತಟ್ಟಿ ಅದೇ ಹಾಡು ಹಾಡಿದರು. ಸುಷ್ಮಿತಾ ಕಿವಿಗೊಟ್ಟು ಕೇಳಿದಳು, ಒಂದು ಸಾಲು ಮುಗಿಯುವಷ್ಟರಲ್ಲಿ ಗುರುತು ಹಿಡಿದಳು.

"ಅದ್ರಾಗೆ ನೀವು ಅಳ್ತಿದ್ರಿ" ಎಂದಳು. ಎಂಟು ದಿನದಲ್ಲಿ ಸಾವಿನ ಮಾತು ಬಿಟ್ಟು ಅವಳು ಆಡಿದ ಮೊದಲ ಮಾತು.

ಅಳುತ್ತಿರಲಿಲ್ಲ, ಬೀಗರ ಹೊಟ್ಟೆಯನ್ನು ಅಳೆಯುತ್ತಿದ್ದೆವು ಎಂದು ರಂಗಕ್ಕ ಕೈಯಗಲಿಸಿ ತೋರಿಸಿದಳು. ಅನುಸೂಯಳ ಅತ್ತೆ ಕೂಡ ನಕ್ಕುಬಿಟ್ಟರು. ಹುಡುಗಿ ನಗಲಿಲ್ಲ. ಅವಳು ಚಾದರದ ಕಡೆ ನೋಡುತ್ತಿದ್ದಳು. ಇವರು ನಾಲ್ವರಾದರು, ಸರಿ; ಆದರೆ ಅವಳು ಹೆದರಿದ್ದು ಇವರಿಗಲ್ಲ. ಒಕ್ಕಣ್ಣಿ ಯಾರು ಎಂದು ಕೇಳಿದಳು.

ಬೀಬಿ ಜಾನ್ ಪೆಟ್ಟಿಗೆ ತೆರೆದು ಹಳೆಯ ಕ್ಯಾಮೆರಾ ಎತ್ತಿ ಹೆಗಲಿಗೇರಿಸಿದಳು. ಬಹಳ ದಿನ ಸುಮ್ಮನಿದ್ದ ಬ್ಯಾಟರಿಗೆ ಅವಳು ಹಿಂದಿನ ದಿನವೇ ಕರೆಂಟು ಕೊಟ್ಟಿದ್ದಳು. ಗುಂಡಿ ಒತ್ತಿದಾಗ ಕೆಂಪು ದೀಪ ಹತ್ತಿತು. ಬೀರುವಿಗೆ ಎದುರಾಗಿ, ಹುಡುಗಿಯ ಪಕ್ಕದಲ್ಲೇ ನಿಂತಳು.

"ಚಾದರ ನೀನೇ ತೆಗೀಬೇಕವ್ವ" ಎಂದಳು.

ಯಾರೂ ಸುಷ್ಮಿತಾಳನ್ನು ಒತ್ತಾಯಿಸಲಿಲ್ಲ. ಅವಳು ಗೋಡೆ ಹಿಡಿದು ಎದ್ದಳು, ಚಾಪೆ ದಾಟಿದಳು, ಕಣ್ಣು ಮುಚ್ಚಿಕೊಂಡು ಚಾದರ ಎಳೆದಳು. ಕಣ್ಣು ಬಿಟ್ಟಾಗ ಕನ್ನಡಿಯೊಳಗೆ ಮುಖದ ಜಾಗದಲ್ಲಿ ದೊಡ್ಡ ಕಪ್ಪು ಕಣ್ಣು, ಪಕ್ಕದಲ್ಲಿ ಕೆಂಪು ಚುಕ್ಕೆ. ಕನ್ನಡಿಯೊಳಗಿನ ಒಕ್ಕಣ್ಣಿ ನಿಧಾನವಾಗಿ ಕ್ಯಾಮೆರಾವನ್ನು ಹೆಗಲಿನಿಂದ ಇಳಿಸಿದಳು. ಅದರ ಹಿಂದೆ ನಲವತ್ತು ದಾಟಿದ, ಕಣ್ಣು ಒದ್ದೆಯಾದ, ಎಡಗಣ್ಣು ಅರ್ಧ ಮುಚ್ಚಿದ ಒಂದು ಸಾದಾ ಮುಖವಿತ್ತು.

"ನಿಮ್ಮವ್ವ ನನಗೋಸ್ಕರ ಎರಡನೇ ಸಲ ಹಸೆಮೇಲೆ ಕುಂತಾಗ ಇದೇ ಕಣ್ಣು ನೋಡಿದ್ದು. ನೀನು ಹೊಟ್ಟೇಲಿದ್ದೆ. ಎಲ್ರಿಗಿಂತ ಮೊದ್ಲು ನಿನ್ನನ್ನ ನೋಡಿದೋಳು ನಾನು ಕಣವ್ವ, ಒಯ್ಯಾಕೆ ಬಂದೋಳಲ್ಲ" ಎಂದಳು ಬೀಬಿ ಜಾನ್.

ಸುಷ್ಮಿತಾ ತಿರುಗಿ ಅವಳನ್ನು ನೋಡಿದಳು, ಮತ್ತೆ ಕನ್ನಡಿಯಲ್ಲಿ ನೋಡಿದಳು, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವವರೆಗೆ ನೋಡಿದಳು. ಆಮೇಲೆ ಅಲ್ಲೇ ಕೂತು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಖಾಲಾಳ ಡಬ್ಬಿಯ ಪಾಯಸವನ್ನು ಖಾಲಾಳ ಕೈಯಿಂದಲೇ ತಿಂದಳು. ಮೂರು ಬಟ್ಟಲು. ಅಷ್ಟೂ ಹೊತ್ತು ಅನುಸೂಯ ಬಾಗಿಲಿಗೆ ಒರಗಿ ನಿಂತು ಐದು ಮಂದಿಗೂ ಕೈ ಮುಗಿಯುತ್ತಲೇ ಇದ್ದಳು, ಯಾರು ಬಿಡಿಸಿದರೂ ಬಿಡಲಿಲ್ಲ.

ಮಧ್ಯಾಹ್ನ ಹುಡುಗಿ ಅಪ್ಪನ ಮೊಬೈಲು ತರಿಸಿಕೊಂಡಳು. ಅಳಿಸಿದವರು ಅವತ್ತೇ ಸಾಯುತ್ತಾರೆ ಎಂದು ಓದಿದ್ದವಳು ಎಲ್ಲರ ಮುಂದೆ ಆ ಫೈಲನ್ನು ಅಳಿಸಿದಳು. ಬೆರಳು ಒಂದು ಗಳಿಗೆ ತಡೆಯಿತು, ಆಮೇಲೆ ಒತ್ತಿತು. ಹೆಂಗಸರ ವಿಷಯ ಈ ನಾಲ್ಕು ಗೋಡೆ ದಾಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅದು ದಾಟಲಿಲ್ಲ. ಶಾಲೆಯಲ್ಲಿ ಸ್ನೇಹಿತೆಯರು ಎಷ್ಟು ಕೆದಕಿದರೂ ಸುಷ್ಮಿತಾ, ನಾನು ನೋಡಿದೆ, ಬದುಕಿದ್ದೇನೆ, ಅಷ್ಟೆ ಎಂದು ಮುಗಿಸಿದಳು. ಅದನ್ನು ಕೇಳಿದ ಮೇಲೆ ಹೊಳಲ್ಕೆರೆಯಲ್ಲಿ ಆ ವಿಡಿಯೋದ ಸೊಕ್ಕು ಇಳಿಯಿತು.

ನಾಲ್ವರೂ ಸಂಜೆಯ ಬಸ್ಸಿಗೆ ಹೊರಟರು. ಬೀಬಿ ಜಾನ್ ಮಾತ್ರ ಒಂಬತ್ತನೇ ದಿನ ಮುಗಿಯುವವರೆಗೆ ಅಲ್ಲೇ ಉಳಿದಳು. ಆ ದಿನ ಅನುಸೂಯಳ ಜೊತೆ ರವಿಕೆಗಳಿಗೆ ಗುಂಡಿ ಹಚ್ಚಿದಳು, ಹುಡುಗಿಗೆ ಹಳೆಯ ಕ್ಯಾಮೆರಾ ಹಿಡಿಯಲು ಕಲಿಸಿದಳು. ಇಮಾಮ್ ಸಾಬ್ ತನಗೆ ಹೇಳಿದ್ದನ್ನೇ ಹೇಳಿದಳು: ಬಲಗಣ್ಣು ಇಲ್ಲಿ ಒತ್ತು, ಎಡಗಣ್ಣು ಮುಚ್ಚು, ಉಸಿರು ಮೆಲ್ಲಗೆ ಬಿಡು. ಹಾಗೆ ಹೇಳುವಾಗ ಗಂಡ ಪಕ್ಕದಲ್ಲೇ ನಿಂತಂತಾಗಿ, ಮನಸ್ಸಿನಲ್ಲೇ ಅವನಿಗೊಂದು ಸಲಾಮು ಹೇಳಿದಳು. ಅವನು ಆ ಭಾರವನ್ನು ತನ್ನ ಹೆಗಲ ಮೇಲಿಡದಿದ್ದರೆ ಇಷ್ಟು ಮನೆಗಳು, ಇಷ್ಟು ಹೆಂಗಸರು ತನಗೆ ಎಲ್ಲಿ ಸಿಗುತ್ತಿದ್ದರು ಎಂದುಕೊಂಡಳು.

ಹತ್ತನೇ ದಿನ ಬೆಳಗ್ಗೆ ಸುಷ್ಮಿತಾ ಎರಡು ಜಡೆ ಹಾಕಿಕೊಂಡು, ಯೂನಿಫಾರ್ಮ್ ತೊಟ್ಟು, ಶಾಲೆಗೆ ಹೊರಡುವ ಮುಂಚೆ ಬೀಬಿ ಜಾನ್‌ಳನ್ನು ಬಾಗಿಲ ಬೆಳಕಿಗೆ ಕರೆದು ನಿಲ್ಲಿಸಿದಳು. ಅಪ್ಪನ ಮೊಬೈಲು ತುಂಬಿಹೋಗಿತ್ತು, ಆ ಫೈಲು ಹೋದ ಮೇಲೆ ಒಂದಿಷ್ಟು ಜಾಗವಾಗಿತ್ತು. ಅಲ್ಲಿ ಒಂದು ಫೋಟೊ ಹಿಡಿಯುತ್ತದೆ ಎಂದಳು. ನನ್ನದು ಯಾಕವ್ವ ಎಂದು ಬೀಬಿ ಜಾನ್ ಹಿಂದೆ ಸರಿದಳು. ಹುಡುಗಿ ಹತ್ತಿರ ಬಂದು, ಅವಳ ಎಡಗೈ ಹಿಡಿದು, ಹಳದಿ ದಾರದ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿ ತನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಅದನ್ನು ಬಿಚ್ಚಲೇ ಎಂದು ಕೇಳಿದವರು ಯಾರೂ ಇರಲಿಲ್ಲ. ಈ ಹುಡುಗಿಯೂ ಕೇಳಲಿಲ್ಲ, ಬಿಚ್ಚಿಯೇಬಿಟ್ಟಳು.

ಬೀಬಿ ಜಾನ್ ಸೆರಗು ಸರಿಮಾಡಿಕೊಂಡು ನಿಂತಳು. ಕ್ಯಾಮೆರಾದ ಮುಂದೆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸುಷ್ಮಿತಾ ಮೊಬೈಲು ಎತ್ತಿದಳು, ನೋಡಿದಳು, ಇಳಿಸಿದಳು.

"ಎರಡೂ ಕಣ್ಣು ಬಿಡ್ರಿ ಆಂಟಿ" ಎಂದಳು.

ಆ ಫೋಟೊವನ್ನು ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಿ ಅನುಸೂಯ ತನ್ನ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಹಾಕಿದ್ದಾಳೆ. ಸ್ವಲ್ಪ ಅಲುಗಿದೆ, ಬಣ್ಣವೂ ಅಷ್ಟಕ್ಕಷ್ಟೆ. ಆದರೆ ಎರಡೂ ಕಣ್ಣು ತೆರೆದಿವೆ.